ಚಳಿಗೆ ಅರಳಿ ಬೇಸಿಗೆಗೆ ಮಲಗುವ ಸೈಕ್ಲಮೆನ್

ಡಿಸೆಂಬರ್ ಬಂತೆಂದರೆ ನಮ್ಮ ಮಡಿಕೇರಿ ಕಡೆ ನರ್ಸರಿಗಳಲ್ಲಿ ಸೈಕ್ಲಮೆನ್ ಕುಂಡಗಳು ಬಂದು ಕೂರುತ್ತವೆ. ನೀವೂ ಎಲ್ಲಾದರೂ ನೋಡಿರುತ್ತೀರಿ. ವೀಳ್ಯದೆಲೆಯನ್ನು ಹೋಲುವ ದಪ್ಪ ಎಲೆ, ಅದರ ಮೇಲೆ ಬೆಳ್ಳಿ ಬಣ್ಣದ ರಂಗೋಲಿ, ಉದ್ದ ತೊಟ್ಟಿನ ತುದಿಯಲ್ಲಿ ದಳಗಳನ್ನೆಲ್ಲ ಹಿಂದಕ್ಕೆ ಬಾಚಿಕೊಂಡಂತಿರುವ ಹೂವು. ಬಿಳಿ, ಗುಲಾಬಿ, ಕೆಂಪು, ನೇರಳೆ. ಕಂಡವರು ಕೊಳ್ಳದೆ ಬರುವುದು ಕಷ್ಟ. ಆದರೆ ಕೊಂಡವರಲ್ಲಿ ಎಷ್ಟೋ ಜನ ಮಾರ್ಚ್ ಹೊತ್ತಿಗೆ "ಗಿಡ ಹೋಯ್ತು ಕಣ್ರೀ" ಅಂತ ಕುಂಡ ಸಮೇತ ತಿಪ್ಪೆಗೆ ಹಾಕುತ್ತಾರೆ. ಅದು ಸತ್ತಿರುವುದಿಲ್ಲ, ಮಲಗಿರುತ್ತದೆ. ಆ ಮಾತು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಇದರ ಸಸ್ಯಶಾಸ್ತ್ರದ ಹೆಸರಿನಲ್ಲಿ ಪರ್ಶಿಯಾ ಸೇರಿಕೊಂಡಿದ್ದರೂ ತವರುಮನೆ ಟರ್ಕಿ, ಸಿರಿಯಾ, ಲೆಬನಾನ್, ಸೈಪ್ರಸ್ ಕಡೆಯ ಕಲ್ಲುಗುಡ್ಡಗಳು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆಯೆಲ್ಲ ಒಣ. ಹಾಗಾಗಿ ಈ ಗಿಡ ಚಳಿಯಲ್ಲಿ ಚಿಗುರಿ ಹೂ ಬಿಟ್ಟು, ಬಿಸಿಲೇರಿದ ಕೂಡಲೇ ಎಲೆ ಉದುರಿಸಿ ಮಣ್ಣೊಳಗಿನ ಗಡ್ಡೆಯಲ್ಲಿ ಜೀವ ಹಿಡಿದು ಕೂರುತ್ತದೆ. ನಮ್ಮಲ್ಲಿ ಲೆಕ್ಕ ತಿರುಗುಮುರುಗು ನೋಡಿ. ಅದು ಒಣಗಿರಬೇಕಾದ ಜೂನ್, ಜುಲೈಯಲ್ಲೇ ನಮಗೆ ಮಳೆ ಹೊಡೆಯುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಆರೈಕೆ ಕಲಿತಂತೆಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದಕ್ಕೆ 10ರಿಂದ 18 ಡಿಗ್ರಿಯ ತಂಪು ಹಿತ. ರಾಯಚೂರು, ಕಲಬುರಗಿಯಂಥ ಸೆಕೆಯ ಊರಿನವರು ಇದನ್ನು ವರ್ಷಗಟ್ಟಲೆ ಉಳಿಸುವ ಆಸೆ ಇಟ್ಟುಕೊಳ್ಳಬೇಡಿ. ಒಂದೆರಡು ತಿಂಗಳ ಹೂವೆಂದು ತಂದು ಸಂತೋಷಪಡಿ, ಸಾಕು. ಮಲೆನಾಡು, ಕೊಡಗಿನವರು ಧೈರ್ಯವಾಗಿ ಸಾಕಬಹುದು.

ಕುಂಡವನ್ನು ಚೆನ್ನಾಗಿ ಬೆಳಕು ಬರುವ, ಆದರೆ ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಇಡಿ. ಒಲೆಯ ಪಕ್ಕ, ಫ್ರಿಜ್ಜಿನ ಮೇಲೆ ಬೇಡ. ನೀರನ್ನು ಯಾವತ್ತೂ ಗಡ್ಡೆಯ ನೆತ್ತಿಯ ಮೇಲೆ ಸುರಿಯಬಾರದು, ಕೊಳೆತುಹೋಗುತ್ತದೆ. ಮೇಲಿನ ಮಣ್ಣು ಒಣಗಿ ಕುಂಡ ಎತ್ತಿದರೆ ಹಗುರ ಅನ್ನಿಸಿದಾಗ, ಒಂದು ತಟ್ಟೆಯಲ್ಲಿ ನೀರು ತುಂಬಿ ಅದರಲ್ಲಿ 15-20 ನಿಮಿಷ ಕುಂಡ ಇಡಿ. ಬೇಕಾದಷ್ಟು ಕುಡಿಯುತ್ತದೆ. ಉಳಿದ ನೀರು ಚೆಲ್ಲಿಬಿಡಿ. ಬಾಡಿದ ಹೂವನ್ನು ಕತ್ತರಿಸಬೇಡಿ. ತೊಟ್ಟನ್ನು ಬುಡದಲ್ಲಿ ಹಿಡಿದು ತಿರುಚಿ ಎಳೆದರೆ ಪೂರ್ತಿ ಕಿತ್ತು ಬರುತ್ತದೆ. ತುಂಡು ಉಳಿದರೆ ಬೂದು ಬೂಷ್ಟು ಹಿಡಿದು ಗಡ್ಡೆಗೂ ಇಳಿಯುತ್ತದೆ. ಗೊಬ್ಬರ ತೆಳುವಾಗಿರಲಿ. ಸಾರಜನಕ ಹೆಚ್ಚಾದರೆ ಬರೀ ಎಲೆ ಸೊಂಪಾಗುತ್ತದೆ, ಹೂ ಕಡಿಮೆ.

ನಮ್ಮ ಮನೆಗೆ ಈ ಗಿಡ ಬಂದದ್ದು 2022ರ ಡಿಸೆಂಬರಿನಲ್ಲಿ. ಅದಕ್ಕೆ ಎರಡು ತಿಂಗಳ ಹಿಂದೆ ಅತ್ತೆಯವರು ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಉತ್ತರದ ಕಿಟಕಿಯ ಪಕ್ಕದ ಮಂಚವೇ ಅವರ ಪ್ರಪಂಚವಾಗಿತ್ತು. ಮೈದುನ ತಂದ ಕುಂಡವನ್ನು ಆ ಕಿಟಕಿಯಲ್ಲೇ ಇಟ್ಟೆ. ದಿನಾ ಬೆಳಗ್ಗೆ ಅವರು ಹೂ ಎಣಿಸುತ್ತಿದ್ದರು. ಒಂದಿನ 17 ಎಣಿಸಿ, ಕಾಫಿ ತಂದ ನನಗೆ ವರದಿ ಒಪ್ಪಿಸಿದರು!

ಮಾರ್ಚಿನಲ್ಲಿ ಎಲೆಗಳು ಹಳದಿಯಾದವು. ನೋಡಲು ಬಂದ ನೆಂಟರೊಬ್ಬರು, "ಇನ್ನೇನಿದೆ ಇದರಲ್ಲಿ, ಬಿಸಾಕಿ" ಅಂದರು. ಅದೇ ಉಸಿರಿನಲ್ಲಿ ಪಕ್ಕದ ಕೋಣೆಗೆ ಹೋಗಿ, ಅತ್ತೆಗೆ ಕೇಳುವ ಹಾಗೇ, "ಈ ವಯಸ್ಸಿಗೆ ಸೊಂಟ ಹೋದಮೇಲೆ ಇನ್ನೇನು ಬಿಡಿ" ಅಂದರು. ಅತ್ತೆ ಏನೂ ಮಾತಾಡಲಿಲ್ಲ. ಅವರು ಹೋದಮೇಲೆ ನನ್ನನ್ನು ಕರೆದು, "ಗಡ್ಡೆ ಒತ್ತಿ ನೋಡೇ. ಸುವರ್ಣಗಡ್ಡೆ ಬಿತ್ತಕ್ಕೆ ತೆಗೆದಿಡುವಾಗ ನೋಡಲ್ವಾ, ಹಾಗೆ" ಅಂದರು. ಒತ್ತಿದೆ. ಕಲ್ಲಿನ ಹಾಗೆ ಗಟ್ಟಿ ಇತ್ತು.

ಆಮೇಲೆ ಮಾಡಿದ್ದಿಷ್ಟೇ. ನೀರನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ನಿಲ್ಲಿಸಿದೆ. ಎಲೆ ಪೂರ್ತಿ ಒಣಗಿದ ಮೇಲೆ ತೆಗೆದು, ಗಡ್ಡೆಯನ್ನು ಮಣ್ಣಿನಲ್ಲೇ ಬಿಟ್ಟು, ಗಾಳಿಯಾಡುವ ಒಳಕೋಣೆಯ ಕಪಾಟಿನ ಮೇಲೆ ನೆರಳಿನಲ್ಲಿಟ್ಟೆ. ಮಳೆಗಾಲವಿಡೀ ಹೊರಗೆ ತೆಗೆಯಲಿಲ್ಲ. ಸೆಪ್ಟೆಂಬರಿನಲ್ಲಿ ನೆತ್ತಿಯ ಮೇಲೆ ಸಾಸಿವೆಯಷ್ಟು ಚಿಗುರು ಕಂಡಿತು. ಆಗ ಮರಳು, ಎಲೆಗೊಬ್ಬರ ಬೆರೆಸಿದ ಹಗುರ ಮಣ್ಣಿಗೆ ಬದಲಾಯಿಸಿ, ಗಡ್ಡೆಯ ಮೇಲಿನ ಅರ್ಧ ಮಣ್ಣಿನಿಂದ ಹೊರಗೇ ಇರುವಂತೆ ಕೂರಿಸಿ, ಹನಿ ಹನಿಯಾಗಿ ನೀರು ಶುರು ಮಾಡಿದೆ. ಡಿಸೆಂಬರಿಗೆ ಮತ್ತೆ ಅದೇ ಕಿಟಕಿಯಲ್ಲಿ ಹೂ. ಅತ್ತೆ ಎದ್ದು ನಡೆಯಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಆ ವರ್ಷದ ಹೂವನ್ನೂ ಎಣಿಸಿದರು. ಮೊದಲು ಸಿಕ್ಕವರಿಗೆಲ್ಲ "ಬಿಸಾಕಿ ಅಂದಿದ್ರಲ್ಲ, ಅದೇ ಗಿಡ" ಅಂತ ತೋರಿಸಿದರು. 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಗಡ್ಡೆ ಇನ್ನೂ ಇದೆ.

ಮಕ್ಕಳು, ಸಾಕುಪ್ರಾಣಿಗಳಿರುವ ಮನೆಯವರು ಇದೊಂದನ್ನು ಮರೆಯಬೇಡಿ. ಈ ಗಿಡದಲ್ಲಿ ಸ್ಯಾಪೊನಿನ್ ಎಂಬ ವಿಷವಿದೆ, ಅದು ಗಡ್ಡೆಯಲ್ಲೇ ಹೆಚ್ಚು. ನಾಯಿ, ಬೆಕ್ಕು ಅಗಿದರೆ ವಾಂತಿ, ಭೇದಿಯಾಗಿ ಅಪಾಯಕ್ಕೆ ಬೀಳಬಹುದು. ಗಡ್ಡೆ ತಿನ್ನುವ ನಮ್ಮಂಥವರ ಮನೆಯಲ್ಲಿ ಇದು ಕೆಸು, ಸುವರ್ಣಗಡ್ಡೆಯ ಜೊತೆ ಅಡುಗೆಮನೆ ಅಟ್ಟಕ್ಕೆ ಹೋಗಲೇಬಾರದು. ಮಲಗಿಸುವಾಗ ಕುಂಡಕ್ಕೆ "ತಿನ್ನುವುದಲ್ಲ" ಅಂತ ಚೀಟಿ ಕಟ್ಟಿಡಿ.

ಗಡ್ಡೆ ಕತ್ತರಿಸಿ ಎರಡು ಗಿಡ ಮಾಡುವ ಆಸೆಯೂ ಬೇಡ, ಸಾಮಾನ್ಯವಾಗಿ ಎರಡೂ ಕೊಳೆಯುತ್ತವೆ. ಬೀಜದಿಂದ ಮಾಡಬಹುದು, ಆದರೆ ಹೂವಿಗೆ ವರ್ಷ, ಒಂದೂವರೆ ವರ್ಷ ಕಾಯಬೇಕು.

ಬರುವ ಮಾರ್ಚಿನಲ್ಲಿ ನಿಮ್ಮ ಕುಂಡದ ಎಲೆ ಹಳದಿಯಾದರೆ ಯಾರ ಮಾತೂ ಕೇಳಬೇಡಿ. ಗಡ್ಡೆ ಒತ್ತಿ ನೋಡಿ. ಮೆತ್ತಗಾಗಿ ವಾಸನೆ ಬಂದಿದ್ದರೆ ಮಾತ್ರ ಎಸೆಯಿರಿ. ಗಟ್ಟಿ ಇದ್ದರೆ ಕಪಾಟಿನ ಮೇಲಿಟ್ಟು, ಸೆಪ್ಟೆಂಬರಿಗೆ ಮರೆಯದೆ ಇಳಿಸಿ.