ನಿಡಗುಂದಿಯ ಗೀಜಗ

ನಿಡಗುಂದಿಗೆ ಬಂದವರು 1964ರಲ್ಲಿ ಅಡಿಗಲ್ಲು ಕಂಡ ಆಲಮಟ್ಟಿ ಅಣೆಕಟ್ಟನ್ನು ನೋಡಿ ಮರಳುವುದು ವಾಡಿಕೆ. ಮಳೆಗಾಲವಾದರೆ ನೀರಿನತ್ತ ಬಾಗಿದ ಜಾಲಿಮರಗಳನ್ನೂ ನೋಡಬೇಕು. ಗೀಜಗನ ಗೂಡುಗಳು ತೂಗಾಡುವುದು ಇಂಥ ಮರಗಳಲ್ಲಿಯೇ.

ಉಳಿದ ದಿನಗಳಲ್ಲಿ ಗುಬ್ಬಿಯಂತಿರುವ ಗಂಡು, ಸಂತಾನಕಾಲದಲ್ಲಿ ನೆತ್ತಿಗೂ ಎದೆಗೂ ಅರಿಸಿನದ ಬಣ್ಣ ತಳೆಯುತ್ತದೆ. ಹುಲ್ಲೆಲೆ ಸೀಳಿ ಎಳೆಎಳೆಯಾಗಿ ಗೂಡು ನೇಯುವುದು ಅದೇ. ಗೂಡು ಅರ್ಧವಾದಾಗ ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿದರೆ ಮಾತ್ರ ಕೆಳಮುಖದ ಕೊಳವೆಬಾಗಿಲು ಪೂರ್ಣಗೊಳ್ಳುತ್ತದೆ. ಒಳಗೆ 2ರಿಂದ 4 ಬಿಳಿಯ ಮೊಟ್ಟೆಗಳು.

ಜೋಳದ ತೆನೆಗೆ ಎರಗುವ ಹಕ್ಕಿಗೆ ರೈತನು ಕವಣೆ ಬೀಸುವುದು ಸಹಜ. ಆದರೆ ಎಳೆಮರಿಗಳಿಗಾಗಿ ಅದು ಹುಳುಗಳನ್ನು ಹೆಕ್ಕುತ್ತದೆ. ಕಾಳಿನ ಲೆಕ್ಕದೊಡನೆ ಹುಳುವಿನ ಲೆಕ್ಕವನ್ನೂ ಇಡೋಣ. ಬದುವಿನ ಜಾಲಿಗೆ ಕೊಡಲಿ ಎತ್ತುವ ಮುನ್ನ ಟೊಂಗೆಯತ್ತ ಒಮ್ಮೆ ಕಣ್ಣೆತ್ತಿ ನೋಡೋಣ. ಅಲ್ಲೊಂದು ಬಾಣಂತಿಯ ಮನೆ ಇದ್ದೀತು.