ಆಫ್ರಿಕಾಕ್ಕೆ ಹೊರಟವರು

ನಮ್ಮವರಿಗೆ ಆಫ್ರಿಕಾದ ಹುಚ್ಚು ಹತ್ತಿದ್ದು 1986ರಲ್ಲಿ, ದ್ವಾರಕೀಶ್ ಅವರ ‘ಆಫ್ರಿಕಾದಲ್ಲಿ ಶೀಲಾ’ ನೋಡಿದ ಮೇಲೆ. ಆ ರಾತ್ರಿ ನಿದ್ದೆಯೇ ಬರಲಿಲ್ಲವಂತೆ. ಆಫ್ರಿಕಾದಿಂದಲೋ ಶೀಲಾಳಿಂದಲೋ ಎಂದು ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಹುಚ್ಚು ಹುಚ್ಚಾಗಿಯೇ ಇದ್ದಿದ್ದರೆ ತೊಂದರೆಯಿರಲಿಲ್ಲ. ಮಗಳಿಗೆ ಐದು ವರ್ಷವಾಗಿದ್ದಾಗ ಮೈಸೂರು ಮೃಗಾಲಯಕ್ಕೆ ಹೋಗಿದ್ದೆವು. ಅವಳು ಜಿರಾಫೆಯನ್ನು ಕತ್ತು ನೋಯುವಷ್ಟು ಹೊತ್ತು ನೋಡಿ, “ಅಪ್ಪ, ಇದು ಓಡೋದೇ ಇಲ್ವಾ?” ಅಂದಳು. “ಇಷ್ಟು ಜಾಗದಲ್ಲಿ ಎಲ್ಲಿಗೆ ಓಡತ್ತೆ ಪುಟ್ಟಿ? ಓಡೋ ಜಿರಾಫೆ ಆಫ್ರಿಕಾದಲ್ಲಿ ತೋರಿಸ್ತೀನಿ” ಎಂದುಬಿಟ್ಟರು ಇವರು. ಬ್ಯಾಂಕಿನಲ್ಲಿದ್ದವರು, ಮಾತಿಗೂ ಬಡ್ಡಿ ಬೆಳೆಯುತ್ತದೆ ಎಂದು ಗೊತ್ತಿರಬೇಕಿತ್ತು. ಮನೆ ಸಾಲ, ಅವಳ ಇಂಜಿನಿಯರಿಂಗ್ ಫೀಸು, ಅತ್ತೆಯವರ ಮಂಡಿ ಆಪರೇಷನ್ ಒಂದಾದ ಮೇಲೊಂದು ಬಂದವು. ಜಿರಾಫೆ ಪಾಪ, ಪ್ರತಿ ಸಲವೂ ದಾರಿ ಬಿಟ್ಟು ಪಕ್ಕಕ್ಕೆ ನಿಂತಿತು.

ಈಗ ಇವರಿಗೆ ಅರವತ್ತು ತುಂಬುವುದರಲ್ಲಿದೆ. ಮೈದುನ ಫೋನ್ ಮಾಡಿ, “ಅತ್ತಿಗೆ, ಷಷ್ಟ್ಯಬ್ದಿ ಶಾಂತಿ ಎಲ್ಲಿ ಮಾಡಿಸ್ತೀರಿ?” ಎಂದು ಕೇಳಿದ.

“ಮಸಾಯಿ ಮಾರಾದಲ್ಲಂತೆ.”

“ಅದ್ಯಾವ ಕ್ಷೇತ್ರ ಅತ್ತಿಗೆ? ಛತ್ರದ ವ್ಯವಸ್ಥೆ ಇದೆಯಾ?”

ಇನ್ನೂರು ಪುಟದ ನೋಟ್‌ಬುಕ್ ಬಂತು. ಎಡಕ್ಕೆ ಕೀನ್ಯಾ, ಬಲಕ್ಕೆ ತಾಂಜಾನಿಯಾ, ನಡುವೆ ಕೆಂಪು ಗೆರೆ. ಆದರೆ ಆ ಗೆರೆಯನ್ನು ಪ್ರಾಣಿಗಳು ಮಾನ್ಯ ಮಾಡುವುದಿಲ್ಲ. ಸುಮಾರು 15 ಲಕ್ಷ ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾಗಳು, ಮಳೆ ಬಿದ್ದಲ್ಲಿ ಚಿಗುರುವ ಹುಲ್ಲು ಹುಡುಕುತ್ತ ವರ್ಷವಿಡೀ ಸುತ್ತುತ್ತಲೇ ಇರುತ್ತವೆ. ಸುತ್ತುವುದೂ ಹೆಚ್ಚುಕಮ್ಮಿ ಬಲಗಡೆಗೇ, ಥೇಟ್ ಪ್ರದಕ್ಷಿಣೆ. ಫೆಬ್ರುವರಿ ಸುಮಾರಿಗೆ ಸೆರೆಂಗೆಟಿಯ ದಕ್ಷಿಣದ ಬಯಲಿನಲ್ಲಿ ಸಾಮೂಹಿಕ ಹೆರಿಗೆ. ಜುಲೈಯಿಂದ ಅಕ್ಟೋಬರ್‌ವರೆಗೆ ಉತ್ತರದಲ್ಲಿ ಮಾರಾ ನದಿ ದಾಟುವ ಗದ್ದಲ, ನೀರಿನಲ್ಲಿ ಕಾದಿರುವ ಮೊಸಳೆಗಳು. ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ಓಡುವ ಕರುಗಳನ್ನು ನೋಡಬೇಕೆಂಬುದು ನನ್ನ ಆಸೆ. “ಅಷ್ಟು ದೂರ ಹೋಗಿ ಬಾಣಂತನ ಮಾಡ್ತೀಯಾ?” ಎಂದರು ಇವರು. ಅವರಿಗೆ ನದಿಯೇ ಬೇಕು.

ನದಿಯ ಕಾಲದಲ್ಲಿ ಮಾರಾದ ಪ್ರವೇಶ ಶುಲ್ಕ ಹೊರದೇಶದವರಿಗೆ ತಲೆಗೆ ದಿನಕ್ಕೆ 200 ಡಾಲರ್. ವರ್ಷದ ಮೊದಲ ಆರು ತಿಂಗಳು ಅದರ ಅರ್ಧ. “ಮೊಸಳೆ ನೋಡೋಕೆ ಡಬಲ್ ಚಾರ್ಜಾ? ರಂಗನತಿಟ್ಟಿನಲ್ಲಿ ದೋಣಿ ಹತ್ತಿದ್ರೆ ಮೂಗಿನ ಮುಂದೇನೇ ಬಿದ್ದಿರ್ತವಲ್ರೀ” ಅಂದೆ. ಅಷ್ಟು ಕೊಟ್ಟರೂ ನದಿ ದಾಟುವುದನ್ನು ನೋಡಿಯೇ ಬರುತ್ತೇವೆಂಬ ಖಾತ್ರಿಯಿಲ್ಲ. ಸಾವಿರಾರು ಪ್ರಾಣಿಗಳು ದಡಕ್ಕೆ ಬಂದು ಗಂಟೆಗಟ್ಟಲೆ ನಿಲ್ಲುತ್ತವೆ. ಮುಂದಿನದು ನೀರು ಮೂಸುತ್ತದೆ, ಹಿಂದಿನದು ತಳ್ಳುತ್ತದೆ. ಯಾವುದೋ ಒಂದು ಧುಮುಕಿದರೆ ಎಲ್ಲವೂ ಧುಮುಕುತ್ತವೆ. ಇಲ್ಲದಿದ್ದರೆ ಏನೂ ಆಗೇ ಇಲ್ಲವೆಂಬಂತೆ ತಿರುಗಿ ಮೇಯಲು ಹೋಗುತ್ತವೆ. ಇದನ್ನು ಓದಿ ಹೇಳುವಾಗ ಇವರ ಮುಖ ನೋಡಿದೆ. ಮೂವತ್ತು ವರ್ಷದಿಂದ ನೋಡುತ್ತಿರುವ ಮುಖ.

ಸಾಮಾನಿನದು ಇನ್ನೊಂದು ಕಥೆ. ನೈರೋಬಿಯಿಂದ ಮಾರಾಕ್ಕೆ ಹೋಗುವ ಪುಟ್ಟ ವಿಮಾನದಲ್ಲಿ ಒಬ್ಬರಿಗೆ 15 ಕಿಲೋ ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಚಟ್ನಿಪುಡಿ, ಗೊಜ್ಜವಲಕ್ಕಿ, ಮೆಂತ್ಯದ ಹಿಟ್ಟು, ಹುರಿಟ್ಟು ಇವಿಷ್ಟೇ ತೂಗಿ ನೋಡಿದರೆ ಆರೂವರೆ ಕಿಲೋ. ಪ್ಲಾಸ್ಟಿಕ್ ಕೈಚೀಲವನ್ನು ಕೀನ್ಯಾ 2017ರಲ್ಲೇ ನಿಷೇಧಿಸಿದೆಯೆಂದು ತಿಳಿದು ಎಲ್ಲಕ್ಕೂ ಬಟ್ಟೆ ಚೀಲ ಹೊಲಿದೆ. ಕಡುನೀಲಿ, ಕಪ್ಪು ಬಟ್ಟೆಗೆ ತ್ಸೆತ್ಸೆ ನೊಣ ಮುತ್ತುತ್ತದೆಂದು ನನ್ನ ನೀಲಿ ಇಳಕಲ್ ಸೀರೆ ಪಟ್ಟಿಯಿಂದ ಬಿತ್ತು. ಆಫ್ರಿಕಾ ಎಂದರೆ ಸುಡುಬಿಸಿಲು ಅಂದುಕೊಂಡಿದ್ದೆ. ನೈರೋಬಿ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ, ನಮ್ಮ ಮಡಿಕೇರಿಗಿಂತ ಎಷ್ಟೋ ಮೇಲೆ. ಜುಲೈಯಲ್ಲಿ ಸ್ವೆಟರ್ ಬೇಕು. ಗೊಜ್ಜವಲಕ್ಕಿ ಅರ್ಧ ಕಿಲೋ ಇಳಿಯಿತು.

ಇವರು ಸ್ವಾಹಿಲಿ ಕಲಿಯತೊಡಗಿದರು. ಕಲಿಯುವಂಥದ್ದೇನಿದೆ? ಹಣ ಪೆಸಾ, ಬಂಡಿ ಗಾರಿ, ಅಂಗಡಿ ದುಕಾ, ವಿಮೆ ಬೀಮಾ, ಚಹಾ ಚಾಯ್, ಚಪಾತಿ ಚಪಾತಿಯೇ. ಹಿಂದೂ ಮಹಾಸಾಗರದ ವ್ಯಾಪಾರಿಗಳು ನಮಗಿಂತ ಮೊದಲೇ ಹೋಗಿ ದಾರಿ ಸುಗಮ ಮಾಡಿಟ್ಟಿದ್ದಾರೆ. ‘ಸಫಾರಿ’ ಎಂದರೂ ಬರೀ ಪ್ರಯಾಣವಂತೆ. ಅಂದಮೇಲೆ ನಾನು ತರಕಾರಿಗೆ ಹೋಗಿ ಬರುವುದೂ ಸಫಾರಿಯೇ. ಗಡಿಯಾರ ಮಾತ್ರ ಬೇರೆ: ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ದಿನ ಶುರುವಾಗುವುದು ಬೆಳಗಾದ ಮೇಲೆಯೇ. “ಮತ್ತೆ? ನಮ್ಮ ಕಾಲದಲ್ಲೂ ಸೂರ್ಯ ಹುಟ್ಟಿದ ಮೇಲೇ ಗಳಿಗೆ ಲೆಕ್ಕ” ಎಂದರು ಅತ್ತೆ, ಈ ಇಡೀ ಯೋಜನೆಯಲ್ಲಿ ಮೊದಲ ಸಲ ಮೆಚ್ಚಿಕೊಂಡು. ‘ಪೊಲೆಪೊಲೆ’ ಎಂದರೆ ನಿಧಾನ, ನಿಧಾನ. ಅದೊಂದನ್ನು ಇವರು ಕಲಿಯಬೇಕಾಗಿರಲಿಲ್ಲ.

ಎಲ್ಲ ಒಂದು ಹದಕ್ಕೆ ಬಂದ ಮೇಲೆ ಕೆನಡಾದಲ್ಲಿರುವ ಮಗಳಿಗೆ ಫೋನ್ ಮಾಡಿದರು. “ಈ ವರ್ಷ ರಜೆ ಸಿಗಲ್ಲ ಅಪ್ಪ. ನೀವಿಬ್ರೂ ಹೋಗಿಬನ್ನಿ, ಖರ್ಚೆಲ್ಲ ನನ್ದು” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಇವರು “ಆಯ್ತು ಪುಟ್ಟಿ” ಎಂದು ಫೋನಿಟ್ಟು, ನೋಟ್‌ಬುಕ್ ಮುಚ್ಚಿ, ಗಿಡಕ್ಕೆ ನೀರು ಹಾಕಲು ಹೋದರು. ಅವತ್ತು ಬೆಳಿಗ್ಗೆ ಸುರಿದಿದ್ದ ಮಳೆಗೆ ಕುಂಡಗಳಲ್ಲಿ ಇನ್ನೂ ನೀರು ನಿಂತಿತ್ತು.

ಟಿಕೆಟ್ ತೆಗೆಯಲಿಲ್ಲ. ಆದರೆ ಒಂದು ಕೆಲಸ ಮಾತ್ರ ಮುಂದೂಡುವಂತಿರಲಿಲ್ಲ. ಕೀನ್ಯಾದಿಂದ ವಾಪಸು ಬರುವವರ ಹತ್ತಿರ ಹಳದಿ ಜ್ವರದ ಲಸಿಕೆಯ ಪತ್ರ ಇಲ್ಲದಿದ್ದರೆ ನಮ್ಮ ಸರ್ಕಾರ ಆರು ದಿನದವರೆಗೆ ಬೇರೆಯಾಗಿಟ್ಟುಬಿಡುತ್ತದೆ. ಆ ಜ್ವರ ನಮ್ಮಲ್ಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಧಾರಾಳವಾಗಿದೆ, ಡೆಂಗಿ ತರುವುದೂ ಅದೇ. ಲಸಿಕೆಗೂ ಒಂದು ಕೊಕ್ಕೆಯಿದೆ: ಅರವತ್ತು ದಾಟಿದವರಿಗೆ ಅಡ್ಡ ಪರಿಣಾಮದ ಅಪಾಯ ಹೆಚ್ಚೆಂದು ಡಾಕ್ಟರು ಹಿಂದೆಮುಂದೆ ನೋಡುತ್ತಾರೆ. ಇವರಿಗೆ ಇನ್ನುಳಿದಿದ್ದು ಹನ್ನೊಂದು ದಿನ. ಪಾಸ್‌ಪೋರ್ಟ್ ಹಿಡಿದು ಬೆಂಗಳೂರಿಗೆ ಹೋದೆವು.

“ಯಾವತ್ತು ಹೊರಡೋದು ಸರ್?” ಎಂದು ಸೂಜಿ ಹಾಕುವಾಕೆ ಕೇಳಿದಳು.

“ಇನ್ನೂ ನಿಕ್ಕಿಯಾಗಿಲ್ಲಮ್ಮ.”

“ಪರವಾಗಿಲ್ಲ ಬಿಡಿ, ಹತ್ತು ದಿನ ಕಳೆದ ಮೇಲೆ ಇದು ಜೀವನಪೂರ್ತಿ ನಡೆಯತ್ತೆ.”

ಹಿಂದಕ್ಕೆ ಬರುವಾಗ ರಾಮನಗರ ದಾಟುವವರೆಗೂ ಇವರು ಮಾತಾಡಲಿಲ್ಲ. ಮನೆಗೆ ಬಂದು ಎರಡೂ ಹಳದಿ ಪುಸ್ತಕಗಳನ್ನು ಬೀರುವಿನಲ್ಲಿ, ಎಲ್‌ಐಸಿ ಬಾಂಡುಗಳ ಫೈಲಿನೊಳಗಿಟ್ಟರು. ಆಮೇಲೆ ಕೆನಡಾದಲ್ಲಿ ಈಗೆಷ್ಟು ಗಂಟೆ ಎಂದು ಲೆಕ್ಕ ಹಾಕಿ ಫೋನ್ ಮಾಡಿದರು.

“ಪುಟ್ಟಿ, ಅಲ್ಲೇ ಎಲ್ಲಾದ್ರೂ ನೀನೂ ಒಂದು ಸೂಜಿ ಹಾಕಿಸ್ಕೊಂಡಿಟ್ಟಿರು. ಅವಸರ ಏನಿಲ್ಲ.”