ಗೌರಿ ಹೂವಿನ ಪಂಚಾಂಗ

ನಮ್ಮ ಮನೆಯ ಮೆಟ್ಟಿಲ ಕೆಳಗೊಂದು ಸಿಮೆಂಟಿನ ಕುಂಡವಿದೆ. ಈಗ ಅದರಲ್ಲಿ ಮಣ್ಣು ಬಿಟ್ಟರೆ ಏನೂ ಕಾಣದು. ಬಂದವರೆಲ್ಲ "ಯಾಕೆ ಖಾಲಿ ಇಟ್ಟಿದ್ದೀರಿ, ಒಂದು ತುಳಸಿಯನ್ನಾದರೂ ಹಾಕಬಾರದೇ?" ಅನ್ನುತ್ತಾರೆ. ಖಾಲಿಯಲ್ಲ, ಒಳಗೆ ಗೌರಿ ಮಲಗಿದ್ದಾಳೆ ಅಂದರೆ ನನ್ನ ಮುಖವನ್ನೇ ನೋಡುತ್ತಾರೆ.

ಗೌರಿ ಅಂದರೆ ಗೌರಿ ಹೂವು. ಸಿದ್ದಾಪುರದ ಕಡೆಯ ನಮ್ಮೂರಿನ ಸೊಪ್ಪಿನಬೆಟ್ಟದಲ್ಲಿ, ಅಗಳದ ಅಂಚಿನ ಪೊದೆಗಳ ಮೇಲೆ, ಶ್ರಾವಣ ಕಳೆಯುವ ಹೊತ್ತಿಗೆ ಅದು ಹತ್ತಿ ಕೂತಿರುತ್ತಿತ್ತು. ಆರು ಎಸಳು, ಅಂಚಿಗೆಲ್ಲ ನಿರಿಗೆ. ಅರಳಿದ್ದೇ ಎಸಳುಗಳು ಹಿಮ್ಮುಖವಾಗಿ ಮೇಲಕ್ಕೆ ಮಡಚಿಕೊಂಡು ಒಲೆಯ ಉರಿಯ ಹಾಗೆ ನಿಲ್ಲುತ್ತವೆ. ಮೊದಲು ಹಸಿರು ಬೆರೆತ ಹಳದಿ, ಆಮೇಲೆ ತುದಿಗೆ ಕೆಂಪು, ಬಾಡುವ ಹೊತ್ತಿಗೆ ಇಡೀ ಹೂವೇ ಕೆಂಪು. ಒಂದೇ ಬಳ್ಳಿಯಲ್ಲಿ ಮೂರು ಬಗೆ ಕಂಡು ಇದು ಕಸಿ ಕಟ್ಟಿದ ಗಿಡವೇ ಇರಬೇಕೆಂದು ನಂಬಿದ್ದೆ. ಚೌತಿಯಲ್ಲಿ ಗಣಪತಿಯ ಮೇಲೆ ಹೂ, ಕಾಯಿ, ಹಣ್ಣು ಕಟ್ಟುವ ಫಲಾವಳಿಗೆ ಅದನ್ನು ಕೊಯ್ದು ತರುವುದು ಮಕ್ಕಳ ಕೆಲಸ. ನಾವು ಮೆಟ್ಟಿಲಿಳಿಯುವ ಮೊದಲೇ ಅಮ್ಮಮ್ಮ ಒಳಗಿನಿಂದ ಕೂಗುತ್ತಿದ್ದಳು: "ಕೂಸೆ, ಹೂ ಕೊಯ್ಯಿ. ಗಡ್ಡೆ ಮುಟ್ಟಡ, ವಿಷ ಇದ್ದು."

ಮುಟ್ಟಿದ್ದು ನಲವತ್ತು ದಾಟಿದ ಮೇಲೆ. ಮೈಸೂರಿನ ಮನೆಯ ಮುಂದೆ ಅಂಗೈಯಗಲ ಜಾಗ ಸಿಕ್ಕಿದ್ದೇ ಸಾಕೆಂದು ತವರಿಗೆ ಹೋಗಿ ಗುದ್ದಲಿ ಹಿಡಿದೆ. ಹೊರಬಂದದ್ದು ಎರಡು ಕವಲಿನ ಗಡ್ಡೆ, ಥೇಟ್ ನೇಗಿಲಿನ ಬಾಗು. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ ಎಂದು ಹೆಸರು, ಲಾಂಗಲವೆಂದರೆ ನೇಗಿಲು. ತಮಿಳರ 'ಕಲಪ್ಪೈ ಕಿಳಂಗು' ಕೂಡ ನೇಗಿಲ ಗಡ್ಡೆಯೇ. ಅಗ್ನಿಶಿಖೆ ಎಂದವರು ಹೂ ನೋಡಿದವರು, ಲಾಂಗಲಿ ಎಂದವರು ಅಗೆದು ನೋಡಿದವರು, ಗೌರಿ ಹೂ ಎಂದ ನಮ್ಮವರು ಪಂಚಾಂಗ ನೋಡಿದವರು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಅಚ್ಚಾದ ತನ್ನ 'ಹಾರ್ಟಸ್ ಮಲಬಾರಿಕಸ್' ಸಂಪುಟಗಳಲ್ಲಿ ಮಲಯಾಳದ ಹೆಸರನ್ನೇ ಹಿಡಿದು 'ಮೆಂದೋಣಿ' ಎಂದು ಕಾಣಿಸಿದ. 1753ರಲ್ಲಿ ಲಿನೇಯಸ್ ಇಟ್ಟದ್ದು ಗ್ಲೋರಿಯೋಸಾ ಸುಪರ್ಬಾ. ಆ ಎರಡು ಪದಗಳೂ ಬರಿಯ ಹೊಗಳಿಕೆ. ಗಡ್ಡೆ ಹೇಗಿದೆ, ಯಾವಾಗ ಅರಳುತ್ತದೆ, ಒಂದೂ ತಿಳಿಯದು. ಮದುವೆಮನೆಯಲ್ಲಿ ಯಾರೆಂದು ತಿಳಿಯದವರನ್ನು ಮಾತಾಡಿಸಿದಂತೆ.

ಹೆಸರಿನ ವಿಮರ್ಶೆಯಲ್ಲಿದ್ದ ಜಾಣತನ ಕೈಗೆ ಬರಲಿಲ್ಲ. ಕುಂಡಕ್ಕೆ ಹಿಡಿಸಲೆಂದು ಗಡ್ಡೆಯ ಎರಡೂ ತುದಿ ಚಿವುಟಿದೆ. ಒಂದೊಂದು ಕವಲಿನ ತುದಿಯಲ್ಲಿ ಒಂದೇ ಒಂದು ಕಣ್ಣು ಇರುವುದಂತೆ. ಎರಡನ್ನೂ ನಾನೇ ಕುರುಡು ಮಾಡಿದ್ದೆ. ಮರುವರ್ಷದ ಗಡ್ಡೆ ಜೂನಿನ ಮಳೆಗೆ ಚಿಗುರಿತು. ಇದಕ್ಕೆ ಬೇರೆ ಕುಡಿ ಇಲ್ಲ, ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿಯುತ್ತದೆ. ಬಟ್ಟೆ ಒಣಹಾಕುವ ಹಗ್ಗ ಹಿಡಿಯಿತು, ನನ್ನ ಸೀರೆಯ ಸೆರಗನ್ನೂ ಹಿಡಿಯಿತು. ನವೆಂಬರಿನಲ್ಲಿ ಒಣಗತೊಡಗಿದಾಗ ಜೀವ ತಡೆಯದೆ ದಿನಾ ನೀರು, ವಾರಕ್ಕೊಮ್ಮೆ ಸಗಣಿ ಗೊಬ್ಬರ. ಕೊನೆಗೆ ಕೈಹಾಕಿ ನೋಡಿದರೆ ಒಳಗೆ ಕೊಳೆತ ಲೋಳೆ. ಫೋನಿನಲ್ಲಿ ಅತ್ತುಕೊಂಡರೆ ಆಯಿ, ಅಂದರೆ ನನ್ನಮ್ಮ, ನಕ್ಕಳು: "ಅದು ಸತ್ತಿದ್ದಲ್ದೆ ತಂಗಿ, ಮನಿಕ್ಯಂಡಿತ್ತು. ನೀನೇ ಕೊಂದೆ."

ವಿಷದ ವಿಚಾರದಲ್ಲಿ ಅಮ್ಮಮ್ಮ ಹೇಳಿದ್ದು ಅಕ್ಷರಶಃ ನಿಜ. ಆಯುರ್ವೇದ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿದೆ. ಗೆಣಸೆಂದು ಬೇಯಿಸಿ ತಿಂದು ಸತ್ತವರಿದ್ದಾರೆ. ಒಳಗಿರುವುದು ಕೊಲ್ಚಿಸಿನ್: ಜೀವಕೋಶ ಒಡೆದು ಎರಡಾಗುವುದನ್ನೇ ತಡೆಯುವ ವಸ್ತು. ಇದೇ ಕೊಲ್ಚಿಸಿನ್ ಹನಿ ಲೆಕ್ಕದಲ್ಲಿ ಗೌಟ್ ಎಂಬ ಕೀಲುನೋವಿಗೆ ಮದ್ದು. ಬೀಜವಿಲ್ಲದ ಕಲ್ಲಂಗಡಿಯ ತಾಯಿಗಿಡವನ್ನು ಮಾಡುವುದೂ ಇದರಿಂದಲೇ. ತಮಿಳುನಾಡಿನ ಮೂಲನೂರು, ಒಡ್ಡನ್‌ಛತ್ರಂ ಸುತ್ತ ಬೀಜಕ್ಕಾಗಿ ಇದನ್ನು ಹೊಲದಲ್ಲಿ ಬೆಳೆಯುತ್ತಾರೆ. ಅಲ್ಲಿ ಇದು ರಾಜ್ಯಪುಷ್ಪ. ಸಂಗಂ ಕಾಲದ ಕಪಿಲರ್ ತನ್ನ 'ಕುರಿಂಜಿಪ್ಪಾಟ್ಟು'ವಿನಲ್ಲಿ 99 ಹೂಗಳನ್ನು ಎಣಿಸುವಾಗ ಮೊದಲು ನೆನೆದದ್ದು ಇದನ್ನೇ. ಹೂವಿನ ಶಲಾಕೆ ಬುಡದಲ್ಲೇ ಪಕ್ಕಕ್ಕೆ ಬಾಗಿ ತನ್ನ ಪರಾಗದಿಂದ ದೂರ ನಿಲ್ಲುವುದರಿಂದ ರೈತರು ಬೆಳಿಗ್ಗೆ ಎದ್ದು ಹೂಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ನಾನೂ ಮೂರನೆಯ ಗಡ್ಡೆ ಹೂಬಿಟ್ಟಾಗ ಕಿವಿಕಡ್ಡಿ ಹಿಡಿದು ನಿಂತೆ. ಪಕ್ಕದ ಮನೆಯವರು ಏನೆಂದುಕೊಂಡರೋ.

ಅದು 2023. ಅಧಿಕ ಶ್ರಾವಣ ಬಂದು ಗೌರಿ ಹಬ್ಬ ಸೆಪ್ಟೆಂಬರ್ ಮಧ್ಯ ದಾಟಿತ್ತು. ಬಳ್ಳಿಗೆ ಅಧಿಕಮಾಸ ಗೊತ್ತಿಲ್ಲ, ಅದು ಮಳೆಯ ಲೆಕ್ಕದಲ್ಲಿ ಅರಳಿ ಮುಗಿಸಿತ್ತು. ಹಬ್ಬದ ದಿನ ಉಳಿದದ್ದು ಮೂರು ಹಸಿರು ಕಾಯಿ. ಫಲಾವಳಿಗೆ ಅದರಲ್ಲೊಂದನ್ನು ಕಟ್ಟಿದೆ. ಹೆಸರೇ ಫಲಾವಳಿ ತಾನೇ.

ಇನ್ನೆರಡು ಕಾಯಿ ಒಣಗಿ ಬಿರಿದು ಕೇಸರಿಗೆಂಪು ಬೀಜ ಕೊಟ್ಟವು. ಕುಂಡಕ್ಕೆ 'ಇದು ಗೆಣಸಲ್ಲ' ಎಂದು ಚೀಟಿ ಅಂಟಿಸಿದ್ದೇನೆ. ಮೈಸೂರಿನಲ್ಲಿ ಯಾರಿಗಾದರೂ ಬೇಕಿದ್ದರೆ ಬನ್ನಿ, ಬೀಜ ಕೊಡುತ್ತೇನೆ. ನನ್ನ ಹಾಗೆ ಬೆಟ್ಟದ ಗಡ್ಡೆ ಅಗೆಯಬೇಡಿ. ಬೀಜದಿಂದ ಹೂ ನೋಡಲು ಮೂರು ನಾಲ್ಕು ವರ್ಷ ಬೇಕು.